ಸಾಕಿದ ಇರುವೆಗಳಿಗೆ ಶಿಶಿರನಿದ್ರೆ ಬೇಕೆ?

ಗಾಜಿನ ಎರಡು ಹಲಗೆಗಳ ನಡುವೆ ತೆಳ್ಳಗೆ ಮಣ್ಣು ತುಂಬಿ, ಅದರಲ್ಲಿ ಇರುವೆಗಳ ಸಂಸಾರವೊಂದನ್ನು ನೆಲೆಗೊಳಿಸಿದರೆ ಅವುಗಳ ಗೃಹಕೃತ್ಯವೆಲ್ಲವೂ ನಮ್ಮ ಕಣ್ಣಿಗೆ ಬೀಳುತ್ತದೆ. ಇಂಗ್ಲೆಂಡಿನ ಸರ್ ಜಾನ್ ಲಬಕ್ ಅವರು ಇಂತಹ ಗೂಡುಗಳಲ್ಲಿ ವರ್ಷಗಟ್ಟಲೆ ಇರುವೆಗಳನ್ನು ಸಾಕಿ, ತಾವು ಕಂಡುದನ್ನು 1882ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅವರ ಆರೈಕೆಯಲ್ಲಿ ರಾಣಿ ಇರುವೆಯೊಂದು ಸುಮಾರು 14 ವರ್ಷ ಬದುಕಿತ್ತು. ಇಂದೂ ಯೂರೋಪಿನಲ್ಲಿ ಅನೇಕರು ಹವ್ಯಾಸಕ್ಕಾಗಿ ಇರುವೆಗಳನ್ನು ಸಾಕುತ್ತಾರೆ. ಚಳಿಗಾಲ ಬಂದಾಗ ಅವರೆದುರು ಒಂದು ಪ್ರಶ್ನೆ ನಿಲ್ಲುತ್ತದೆ: ಗೂಡನ್ನು ಬೆಚ್ಚಗಿನ ಕೋಣೆಯಲ್ಲಿಯೇ ಇಡಬೇಕೆ, ಚಳಿಗೆ ಒಡ್ಡಬೇಕೆ?

ಅಲ್ಲಿನ ತೋಟಗಳಲ್ಲಿ ಸಾಮಾನ್ಯವಾದ ಲೇಸಿಯಸ್ ನೈಗರ್ ಎಂಬ ಕಪ್ಪಿರುವೆಯನ್ನು ಉದಾಹರಣೆಯಾಗಿ ನೋಡೋಣ. ಶರತ್ಕಾಲ ಬಂತೆಂದರೆ ಅದರ ರಾಣಿಯು ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಮರಿಹುಳುಗಳ ಬೆಳವಣಿಗೆ ತಡೆಯುತ್ತದೆ. ಕೆಲಸಗಾರ ಇರುವೆಗಳು ದೇಹದಲ್ಲಿ ಕೊಬ್ಬನ್ನು ಕೂಡಿಸಿಕೊಂಡು ನೆಲದಾಳದಲ್ಲಿ ಒತ್ತಾಗಿ ಗುಂಪುಗೂಡುತ್ತವೆ. ಇದು ನಿಜವಾದ ನಿದ್ರೆಯಲ್ಲ. ಕೆಣಕಿದರೆ ಅವು ಮೆಲ್ಲಗೆ ಅಲುಗಾಡುತ್ತವೆ. ಜೀವವ್ಯಾಪಾರ ಮಾತ್ರ ಬಹಳ ಮಂದವಾಗಿರುತ್ತದೆ.

ಚಳಿಯೇ ಇದಕ್ಕೆಲ್ಲ ಕಾರಣವಾದರೆ, ಬೆಚ್ಚಗಿಟ್ಟ ಇರುವೆಗಳಿಗೆ ಈ ಸುಪ್ತಾವಸ್ಥೆ ಬೇಡವಷ್ಟೆ? ಹಾಗೆಂದುಕೊಳ್ಳುವುದು ಸಹಜ, ಆದರೆ ಸರಿಯಲ್ಲ. ಶೀತದೇಶಗಳ ಇರುವೆಗಳ ಋತುಚಕ್ರವನ್ನು ರಷ್ಯದ ಕಿಪ್ಯಾಟ್ಕೋವ್ ಅವರು ದೀರ್ಘಕಾಲ ಅಭ್ಯಸಿಸಿದರು. ಇಂತಹ ಅನೇಕ ಜಾತಿಗಳಲ್ಲಿ, ಬೆಚ್ಚಗೆ ಇಟ್ಟರೂ ಕೆಲವು ತಿಂಗಳಾದ ಮೇಲೆ ರಾಣಿಯು ತಾನಾಗಿಯೇ ಮೊಟ್ಟೆಯಿಡುವುದನ್ನು ಬಿಡುತ್ತದೆ. ಎಂದರೆ, ಪಂಚಾಂಗವು ಅವುಗಳ ದೇಹದೊಳಗೇ ಇದೆ. ಮುಚ್ಚಿದ ಆ ಬಾಗಿಲನ್ನು ಸಕಾಲದಲ್ಲಿ ತೆರೆಯುವ ಕೀಲಿಕೈ ಚಳಿಯೇ. ಚಳಿ ದೊರೆಯದಿದ್ದರೆ ಸಂತಾನವೃದ್ಧಿ ಬಹುಕಾಲ ನಿಂತುಹೋಗುತ್ತದೆ, ಇಲ್ಲವೆ ಕುಂಟುತ್ತ ಸಾಗುತ್ತದೆ. ಬಿಸಿಯಲ್ಲಿ ಜೀವವ್ಯಾಪಾರ ಮಾತ್ರ ಚುರುಕಾಗಿಯೇ ಇರುವುದರಿಂದ ಕೂಡಿಟ್ಟ ಕೊಬ್ಬು ಕರಗುತ್ತದೆ. ವ್ಯಾಪಾರ ನಿಲ್ಲಿಸಿದ ಅಂಗಡಿಯಲ್ಲಿ ರಾತ್ರಿಯೆಲ್ಲ ದೀಪ ಉರಿಸಿದಂತಾಯಿತು! ಮುದಿ ಕೆಲಸಗಾರರು ಸಾಯುತ್ತಾರೆ. ಅವರ ಸ್ಥಾನಕ್ಕೆ ಹೊಸಬರು ಬರುವುದಿಲ್ಲ. ಸಂಸಾರವು ಕ್ರಮೇಣ ಕ್ಷೀಣಿಸುತ್ತದೆ.

ಆದುದರಿಂದ ತಿಳಿದವರು ಇಂತಹ ಗೂಡನ್ನು ಕ್ರಮಕ್ರಮವಾಗಿ ತಂಪುಗೊಳಿಸಿ, ಮೂರು ನಾಲ್ಕು ತಿಂಗಳು ಸುಮಾರು 5ರಿಂದ 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡುತ್ತಾರೆ. ಇದಕ್ಕೆ ರೆಫ್ರಿಜರೇಟರ್ ಸಹ ಆದೀತು. ಆಗ ಆಹಾರದ ಅಗತ್ಯ ತೀರ ಕಡಿಮೆ. ಆದರೆ ಗೂಡಿನ ತೇವ ಆರಬಾರದು, ನೀರು ಹೆಪ್ಪುಗಟ್ಟಲೂಬಾರದು. ಮತ್ತೆ ಬೆಚ್ಚಗೆ ಮಾಡುವಾಗಲೂ ಅವಸರ ಸಲ್ಲದು.

ಹಾಗಾದರೆ ಎಲ್ಲ ಇರುವೆಗಳಿಗೂ ಇದೇ ನಿಯಮವೆ? ಅಲ್ಲ. ನಮ್ಮ ಮಾವಿನ ಮರಗಳಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಿಗಳಿ ಇರುವೆಯು ಉಷ್ಣವಲಯದ ಜೀವಿ. ಹಿಮಗಾಲವನ್ನೇ ಕಾಣದ ಅದರ ಬಾಳಿನಲ್ಲಿ ಶಿಶಿರನಿದ್ರೆಗೆ ಎಡೆಯಿಲ್ಲ. ಲೇಸಿಯಸ್ ಇರುವೆಯನ್ನು ಉಳಿಸುವ ಚಳಿಯೇ ಇದಕ್ಕೆ ಮೃತ್ಯುವಾದೀತು. ಇರುವೆಯನ್ನು ಸಾಕಬಯಸುವವನು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದರ ತವರು ಯಾವುದು? ಉಳಿದ ಉತ್ತರವು ಅದರಲ್ಲಿಯೇ ಅಡಗಿದೆ.