ಮೊಬೈಲಿನಲ್ಲಿ ದೊರೆಯುವ ನಾಣ್ಯ: ಕೆಲವು ಸಂದೇಹಗಳು

ಪೋತ್ನಾಳದಲ್ಲಿ ಬತ್ತದ ಧಾರಣೆಯನ್ನು ಕುರಿತು ಮಾತನಾಡುವವರೇ ಈಚೆಗೆ ‘ಪೈ’ ಎಂಬ ನಾಣ್ಯದ ಮಾತನ್ನೂ ಆಡುತ್ತಿರುವರು. ನಮ್ಮ ಹಳೆಯ ಶಿಷ್ಯರೂ ಅವರ ಮನೆಯ ಹೆಣ್ಣುಮಕ್ಕಳೂ ಈ ವಿಷಯವಾಗಿ ಪದೇಪದೇ ಕೇಳುತ್ತಿರುವುದುಂಟು. ನಾವು ವ್ಯಾಕರಣವನ್ನು ಬೋಧಿಸಿದವರೇ ಹೊರತು ಅರ್ಥಶಾಸ್ತ್ರಜ್ಞರಲ್ಲ. ತಥಾಪಿ ವಿಚಾರಿಸಿ ತಿಳಿದುದನ್ನು ವಾಚಕರ ಮುಂದಿಡುವೆವು.

ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗಮಾಡಿದ ನಿಕೊಲಾಸ್ ಕೊಕ್ಕಾಲಿಸ್, ಚೆಂಗ್‌ಡಿಯಾವ್ ಫಾನ್ ಮೊದಲಾದವರು 2019ನೆಯ ಮಾರ್ಚಿ 14ರಂದು ‘ಪೈ ನೆಟ್‌ವರ್ಕ್’ ಎಂಬುದನ್ನು ಆರಂಭಿಸಿದರು. ಮೂರನೆಯ ತಿಂಗಳ 14ನೆಯ ದಿನವೆಂದರೆ 3.14, ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣ. (ನಮ್ಮ ಆರ್ಯಭಟನು ಇದನ್ನು 3.1416 ಎಂದು ಗಣಿಸಿದ್ದನು. ಆದರೆ ಅವನು ಯಾರಿಗೂ ನಾಣ್ಯವನ್ನು ವಾಗ್ದಾನ ಮಾಡಲಿಲ್ಲ.)

ದಿನಕ್ಕೊಮ್ಮೆ ಮಿಂಚಿನ ಚಿಹ್ನೆಯನ್ನು ಒತ್ತಿದರೆ ಗಣಿಗಾರಿಕೆ ನಡೆಯುವುದಂತೆ, ನಿಜವೇ? ನಮ್ಮ ಜಿಲ್ಲೆಯವರು ಗಣಿಯೆಂದರೇನೆಂಬುದನ್ನು ಬಲ್ಲರು. ಹಟ್ಟಿಯಲ್ಲಿ ಜನರು ಭೂಗರ್ಭಕ್ಕಿಳಿದು ಚಿನ್ನವನ್ನು ತೆಗೆಯುವರು. ಬಿಟ್‌ಕಾಯಿನ್ನಿಗೂ ಯಂತ್ರಗಳು ವಿದ್ಯುತ್ತನ್ನು ವ್ಯಯಿಸಿ ಲೆಕ್ಕಹಾಕಬೇಕು. ಪೈಯಲ್ಲಿ ನಿಮ್ಮ ಮೊಬೈಲು ಏನನ್ನೂ ಅಗೆಯುವುದಿಲ್ಲ. ನೀವು ಆ ದಿನ ಹಾಜರಿದ್ದಿರೆಂದು ಬರೆದುಕೊಂಡು ನಿಮ್ಮ ಪಾಲನ್ನು ಹಂಚುವರು, ಅಷ್ಟೆ. ಆದುದರಿಂದಲೇ ಯಂತ್ರವು ಕಾಯುವುದಿಲ್ಲ, ಬ್ಯಾಟರಿಯು ಬೇಗ ತೀರುವುದಿಲ್ಲ.

ಹಾಗಾದರೆ ಇದಕ್ಕೆ ಬೆಲೆಯುಂಟೇ? ಆರು ವರ್ಷಗಳ ತರುವಾಯ, 2025ನೆಯ ಫೆಬ್ರವರಿ 20ರಂದು, ಹೊರಗಿನ ಪೇಟೆಗಳಲ್ಲಿ ಮಾರಲು ಬಾಗಿಲು ತೆರೆಯಿತು. ಆ ವಾರದಲ್ಲೇ ಬೆಲೆಯು ಮೂರು ಡಾಲರುಗಳ ಸಮೀಪಕ್ಕೇರಿ, ಮಾರ್ಚಿ ಮುಗಿಯುವಷ್ಟರಲ್ಲಿ ಒಂದು ಡಾಲರಿಗಿಂತ ಕೆಳಗಿಳಿಯಿತು. ಒಂದು ಪೈಗೆ 3,14,159 ಡಾಲರೆಂದು ಹೇಳುವವರಿದ್ದಾರೆ. ಒಟ್ಟು 10,000 ಕೋಟಿ ಪೈಗಳವರೆಗೆ ಹುಟ್ಟಿಸುವುದೆಂದು ಸಂಸ್ಥೆಯೇ ತಿಳಿಸಿದೆ; ಗುಣಿಸಿ ನೋಡಿದರೆ ಲೋಕದ ಸಮಸ್ತ ಐಶ್ವರ್ಯವೂ ಸಾಲದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು. ಅದರ 7 ರೂಪಾಯಿಗೆ ಕಲ್ದಾರಿನ 6 ರೂಪಾಯಿ ಎಂಬ ಲೆಕ್ಕವು ಸಂತೆಗೆ ಹೋಗುವ ಮುದುಕಿಗೂ ಬಾಯಿಪಾಠವಾಗಿತ್ತು. ಅದರ ಹಿಂದೆ ಒಂದು ಸರಕಾರವಿದ್ದಿತು. ಪೈಯ ಹಿಂದೆ ಕೊಳ್ಳುವವನ ಇಚ್ಛೆಯ ಹೊರತು ಮತ್ತೇನೂ ಇಲ್ಲ.

ಸರಕಾರವು ಇದನ್ನು ನಿಷೇಧಿಸಿಲ್ಲ, ಹಣವೆಂದು ಅಂಗೀಕರಿಸಿಯೂ ಇಲ್ಲ. ಅಂಗಡಿಯವನು ಬೇಡವೆಂದರೆ ಬೇಡ. ಆದರೆ 2022ನೆಯ ಏಪ್ರಿಲ್ 1ರಿಂದ ಇಂತಹವುಗಳ ಲಾಭದ ಮೇಲೆ ನೂರಕ್ಕೆ 30ರಂತೆ ತೆರಿಗೆಯುಂಟು. ಒಂದರ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ನಮ್ಮನ್ನು ಹೆಚ್ಚು ಕಳವಳಗೊಳಿಸಿದ ಪ್ರಶ್ನೆಯು ಒಬ್ಬ ತಾಯಿಯದು: “ಸಾವಿರ ರೂಪಾಯಿ ಕೊಟ್ಟರೆ ಮಗನ ಪೈಗಳನ್ನು ನಗದು ಮಾಡಿಕೊಡುವೆವೆಂದು ಒಬ್ಬರು ಹೇಳುತ್ತಾರೆ, ಮಾಸ್ತರೇ, ಕೊಡಲೇ?” ಕೊಡಬೇಡಿರಮ್ಮ. ಒತ್ತುವುದಕ್ಕೆ ಶುಲ್ಕವಿಲ್ಲ; ಬಿಡಿಸುವುದಕ್ಕೆ ದಲ್ಲಾಳಿಯೂ ಬೇಕಿಲ್ಲ. ಪೈಯ ಥೈಲಿಗೆ 24 ಪದಗಳ ಗುಪ್ತಮಾಲೆಯೊಂದುಂಟು. ಅದನ್ನು ಅರಿತವನೇ ಒಡೆಯನು. ಕಸಿದುಕೊಂಡರೆ ದೂರುಕೊಟ್ಟು ಮರಳಿ ಪಡೆಯುವುದು ಬಲು ದುಸ್ತರ. ಸಹಾಯಮಾಡುವ ನೆಪದಿಂದ ಬಂದವನು ಕೇಳುವುದು ಹೆಚ್ಚಾಗಿ ಇದನ್ನೇ.

ಸುಮ್ಮನೆ ಒತ್ತುತ್ತಿದ್ದರೆ ನಷ್ಟವೇನು? ಹಣದ ನಷ್ಟವಿಲ್ಲ. ಆದರೆ ಪೈಯು ಕೈಸೇರಬೇಕಾದರೆ ಗುರುತಿನ ಚೀಟಿಯನ್ನೂ ಮುಖದ ಚಿತ್ರವನ್ನೂ ಒಪ್ಪಿಸಬೇಕು. 2025ನೆಯ ಮಾರ್ಚಿ 14ರ ಗಡುವಿನೊಳಗೆ ಹಾಗೆ ಮಾಡದವರು, ವರ್ಷಗಟ್ಟಲೆ ಒತ್ತಿದ್ದರೂ, ಕೂಡಿಟ್ಟುದರಲ್ಲಿ ಬಹುಭಾಗವನ್ನು ಕಳೆದುಕೊಂಡರು.