ಗೋಧಿ ಒಗ್ಗದ ಮಗುವಿಗೆ ಕೋಸಂಬರಿಯ ಒಗ್ಗರಣೆ

ಗೋಧಿ, ಜವೆಗೋಧಿಗಳಲ್ಲಿ ಗ್ಲುಟೆನ್ ಎಂಬ ಸಸಾರಜನಕ ಪದಾರ್ಥವಿರುತ್ತದೆ. ಸೀಲಿಯಾಕ್ ರೋಗವುಳ್ಳವರಲ್ಲಿ ಇದು ಸಣ್ಣ ಕರುಳಿನ ಒಳಪದರವನ್ನು ಕೆಡಿಸುವುದರಿಂದ ಉಂಡ ಆಹಾರದ ಸಾರವು ಮೈಗೆ ಹತ್ತುವುದಿಲ್ಲ. ಪದೇ ಪದೇ ಭೇದಿ, ಹೊಟ್ಟೆಯುಬ್ಬರ, ಕುಂಠಿತ ಬೆಳವಣಿಗೆ, ಕಬ್ಬಿಣಾಂಶದ ಮಾತ್ರೆಗೂ ಬಗ್ಗದ ರಕ್ತಹೀನತೆ ಇದರ ಮುಖ್ಯ ಲಕ್ಷಣಗಳು. ಉತ್ತರ ಭಾರತಕ್ಕಿಂತ ನಮ್ಮಲ್ಲಿ ಈ ರೋಗ ವಿರಳ. ಆದುದರಿಂದಲೇ ಅನೇಕ ವೇಳೆ ಇದು ಗುರುತಿಗೆ ಬಾರದೆ ಉಳಿಯುತ್ತದೆ. ಅನುಮಾನ ಬಂದೊಡನೆ ತಾವಾಗಿಯೇ ಗೋಧಿಯನ್ನು ಬಿಡಿಸಬಾರದು; ಬಿಡಿಸಿದ ಮೇಲೆ ರಕ್ತ ಪರೀಕ್ಷೆಯಲ್ಲಿ ರೋಗವು ಕಾಣದೆ ಹೋಗಬಹುದು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣತಕ್ಕದ್ದು.

ರೋಗವು ಖಚಿತವಾದಲ್ಲಿ ಗೋಧಿಯನ್ನು ಜೀವನಪರ್ಯಂತ ವರ್ಜಿಸಬೇಕು. ಚಪಾತಿ, ಗೋಧಿ ರವೆ, ಶಾವಿಗೆ, ಮೈದಾಗಳನ್ನು ಬಿಡಬೇಕೆಂಬುದು ತಾಯಂದಿರಿಗೆ ಸುಲಭವಾಗಿ ತಿಳಿಯುತ್ತದೆ. ತಿಳಿಯದೆ ಉಳಿಯುವುದು ಒಗ್ಗರಣೆಯ ಇಂಗು. ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ ಇಂಗು ಅಪ್ಪಟವಲ್ಲ. ಅದಕ್ಕೆ ಗೋಂದನ್ನೂ, ಮೈದಾ ಅಥವಾ ಅಕ್ಕಿ ಹಿಟ್ಟನ್ನೂ ಬೆರೆಸಿರುತ್ತಾರೆ. ಹೀಗಾಗಿ ಮುದ್ದೆ, ಅನ್ನ ಉಣ್ಣುವ ಮನೆಯಲ್ಲಿಯೂ ಸಾರು, ಉಪ್ಪಿನಕಾಯಿಗಳ ಮೂಲಕ ಗೋಧಿಯು ದಿನವೂ ಮಗುವಿನ ಹೊಟ್ಟೆ ಸೇರಬಹುದು. "ಚಿಟಿಕೆಯಷ್ಟರಿಂದ ಏನಾದೀತು" ಎಂಬ ಹಿರಿಯರ ಮಾತು ಇಲ್ಲಿ ಸಲ್ಲದು. ಸಂತೆಗೆ ಹೋಗುವ ಯಜಮಾನರು ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಬಿಡಿಯಾಗಿ ಮಾರುವ ಇಂಗು ಬೇಡ. ಪೇಟೆಯ ತಿನಿಸುಗಳಿಗೆ ಹಾಕುವ ಸೋಯಾ ಸಾಸಿನಲ್ಲಿಯೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಇಂಗಿಲ್ಲದೆಯೂ ಕೋಸಂಬರಿ ರುಚಿಕರವಾಗಿಯೇ ಇರುತ್ತದೆ. ಒಂದು ಬಟ್ಟಲು ಹೆಸರುಬೇಳೆಯನ್ನು ಆರಿಸಿ, ತೊಳೆದು, ಸುಮಾರು 1 ಗಂಟೆ ಕಾಲ ಕುಡಿಯುವ ನೀರಿನಲ್ಲಿ ನೆನೆಸಿ ಬಸಿಯಿರಿ. ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿದ ಸೌತೆಕಾಯಿ ಮತ್ತು ತೆಂಗಿನತುರಿಯನ್ನು ಸೇರಿಸಿರಿ. 2 ಚಮಚ ಎಣ್ಣೆ ಕಾಯಿಸಿ, ಅರ್ಧ ಚಮಚ ಸಾಸಿವೆ ಸಿಡಿಸಿ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ ಹಾಗೂ ಇಂಗಿಗೆ ಬದಲಾಗಿ ಜಜ್ಜಿದ ಶುಂಠಿಯನ್ನು ಹಾಕಿರಿ. ಬೆಳ್ಳುಳ್ಳಿ ತಿನ್ನುವವರು ಎರಡು ಎಸಳು ಹಾಕಬಹುದು. ಒಲೆಯಿಂದ ಇಳಿಸಿ ಆರಿದ ಮೇಲೆ ಒಂದು ನಿಂಬೆಹಣ್ಣಿನ ರಸವನ್ನು ಬೆರೆಸಿರಿ. ನಿಂಬೆಯ 'ಸಿ' ಜೀವಸತ್ವವು ಬೇಳೆಯಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ರಕ್ತಹೀನತೆಯುಳ್ಳ ಮಗುವಿಗೆ ಇದು ಬಹಳ ಮುಖ್ಯ. ಉಪ್ಪನ್ನು ಬಡಿಸುವಾಗಲೇ ಹಾಕಬೇಕು, ಇಲ್ಲವಾದಲ್ಲಿ ಸೌತೆಕಾಯಿ ನೀರು ಬಿಡುತ್ತದೆ.

ಚಪಾತಿ ಹಿಟ್ಟು ಕಲಸಿದ ಪಾತ್ರೆಯನ್ನು ತೊಳೆಯದೆ ಇದಕ್ಕೆ ಬಳಸಬಾರದು. ಮಗುವಿಗೆಂದು ಬೇರೆ ಮಾಡದೆ, ಈ ಒಗ್ಗರಣೆಯ ಕೋಸಂಬರಿಯನ್ನೇ ಮನೆಮಂದಿಯೆಲ್ಲ ಉಣ್ಣುವುದು ಲೇಸು. ಆಗ ಸೌಟು ಅದಲುಬದಲಾಗುವ ಭಯವೂ ಇರುವುದಿಲ್ಲ.