ಮಣ್ಣು ಬೇಡ, ನೀರು ಬೇಕು

ಗಾಜಿನ ಬುಡ್ಡಿಯಲ್ಲೋ ಕಪ್ಪೆಚಿಪ್ಪಿನಲ್ಲೋ ಮಣ್ಣಿಲ್ಲದೆ ಕುಳಿತ, ಬೂದು ಹಸಿರಿನ ಪುಟ್ಟ ಗಿಡವನ್ನು ನೀವು ನರ್ಸರಿಗಳಲ್ಲಿ ನೋಡಿರಬಹುದು. ಅದನ್ನು ಏರ್ ಪ್ಲಾಂಟ್ ಎನ್ನುತ್ತಾರೆ. ಗಾಳಿ ಕುಡಿದೇ ಬದುಕುತ್ತದೆ, ನೀರೂ ಬೇಡ ಎಂದು ಹೇಳಿ ಮಾರುವವರೂ ಉಂಟು. ಆ ಮಾತು ನಂಬಿದವರ ಮನೆಯಲ್ಲಿ ಗಿಡ ಕೆಲವೇ ತಿಂಗಳಲ್ಲಿ ಸಾಯುತ್ತದೆ. ಒಣಗಿದ ಮೇಲೂ ಆಕಾರ ಹಾಗೆಯೇ ಉಳಿಯುವುದರಿಂದ ಸತ್ತದ್ದು ಬೇಗ ತಿಳಿಯುವುದೂ ಇಲ್ಲ.

ಈ ತಪ್ಪು ತಿಳಿವಳಿಕೆ ಹಳೆಯದು. ಗಿಡದ ಶಾಸ್ತ್ರೀಯ ಹೆಸರು ಟಿಲ್ಯಾಂಡ್ಸಿಯ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್, 17ನೆಯ ಶತಮಾನದ ವೈದ್ಯ ಎಲಿಯಾಸ್ ಟಿಲ್ಯಾಂಡ್ಸ್‌ನ ಹೆಸರನ್ನು ಇದಕ್ಕಿಟ್ಟ. ಟಿಲ್ಯಾಂಡ್ಸ್ ಸಮುದ್ರಯಾನಕ್ಕೆ ಹೆದರಿ, ಕೊಲ್ಲಿಯನ್ನು ಸುತ್ತಿಕೊಂಡು ನೆಲದ ಮೇಲೆಯೇ ಊರು ಸೇರಿದನೆಂಬ ಕಥೆಯಿತ್ತು. ಈ ಗಿಡಕ್ಕೂ ನೀರು ಆಗದೆಂದು ಲಿನೇಯಸ್ ಎಣಿಸಿದ್ದ!

ನಿಜ ಸಂಗತಿಯೇ ಬೇರೆ. ಟಿಲ್ಯಾಂಡ್ಸಿಯ ಅನಾನಸಿನ ಕುಟುಂಬದ್ದು. ಅಮೆರಿಕ ಖಂಡಗಳು ಅದರ ತವರು. ಅಲ್ಲಿ ಮರ, ಬಂಡೆಗಳಿಗೆ ಅಂಟಿಕೊಂಡು ಬೆಳೆಯುತ್ತದೆ. ನಮ್ಮ ಮಾವಿನ ಮರದ ಬಂದಳಿಕೆಯಂತೆ ಇದೂ ಪರಾವಲಂಬಿ ಇರಬಹುದೆಂದು ನೀವು ಕೇಳಬಹುದು. ಅಲ್ಲ. ಬಂದಳಿಕೆ ಮರದ ರಸ ಹೀರುತ್ತದೆ. ಇದು ಮರವನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಮಲೆನಾಡಿನ ಮರಗಳ ಮೇಲಿನ ಸೀತಾಳೆ ದಂಡೆಯೂ ಇಂಥದೇ ಅಪ್ಪುಸಸ್ಯ. ಮೆಕ್ಸಿಕೊದಲ್ಲಿ ಟಿಲ್ಯಾಂಡ್ಸಿಯದ ಒಂದು ಜಾತಿ ವಿದ್ಯುತ್ ತಂತಿಯ ಮೇಲೂ ಬೆಳೆಯುತ್ತದೆ. ತಂತಿಯಲ್ಲಿ ಹೀರಲು ರಸವೆಲ್ಲಿ?

ಹಾಗಾದರೆ ನೀರು ಎಲ್ಲಿಂದ? ಎಲೆಯಿಂದ. ಮಸೂರ ಹಿಡಿದು ನೋಡಿ: ಎಲೆಯ ಮೇಲೆಲ್ಲ ಬೆಳ್ಳಿ ಬಣ್ಣದ ಸಣ್ಣ ಹುರುಪೆಗಳು. ಮಳೆ, ಮಂಜು ತಾಗಿದೊಡನೆ ಇವು ನೀರು ಹೀರಿ ಒಳಕ್ಕೆ ಸಾಗಿಸುತ್ತವೆ. ನೀರಿನಲ್ಲಿ ಕರಗಿದ ಧೂಳಿನ ಲವಣಗಳೇ ಗಿಡಕ್ಕೆ ಗೊಬ್ಬರ. ಒಂದು ಹನಿ ಬಿಟ್ಟು ನೋಡಿದರೆ ಬೂದು ಬಣ್ಣ ಮಾಯವಾಗಿ ಎಲೆ ಹಸಿರಾಗುವುದು ನಿಮಗೇ ಕಾಣುತ್ತದೆ.

ಇನ್ನೊಂದು ವಿಶೇಷ. ಬಹುಪಾಲು ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆದರೆ, ಇದು ನೀರು ಉಳಿಸಲು ರಾತ್ರಿ ತೆರೆಯುತ್ತದೆ. ಆಗ ಒಳಬಂದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಆಹಾರ ತಯಾರಿಸಿಕೊಳ್ಳುತ್ತದೆ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ನೀರಿನ ಪದರ ಗಾಳಿಯನ್ನು ತಡೆಯುತ್ತದೆ. ಆರೈಕೆಯ ಗುಟ್ಟೆಲ್ಲ ಇಲ್ಲಿದೆ. ನೀರು ಕೊಡಬೇಕು, ಆದರೆ ಬೆಳಿಗ್ಗೆ. ನಾಲ್ಕು ಗಂಟೆಯೊಳಗೆ ಎಲೆ ಆರಬೇಕು.

ವಾರಕ್ಕೊಮ್ಮೆ ಅರ್ಧ ಗಂಟೆ ಬೋಗುಣಿ ನೀರಿನಲ್ಲಿ ಮುಳುಗಿಸಿಡಿ. ಮಳೆನೀರಾದರೆ ಉತ್ತಮ, ನಲ್ಲಿ ನೀರನ್ನು ರಾತ್ರಿಯೇ ಹಿಡಿದಿಟ್ಟು ಬಳಸಿ. ಅನಂತರ ತಲೆಕೆಳಗಾಗಿ ಹಿಡಿದು ಕೊಡವಿ, ಗಾಳಿಯಾಡುವ ಕಡೆ ಆರಲು ಬಿಡಿ. ಒಣ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ ಬೇಕಾದೀತು. ಕರಾವಳಿಯ ಮಳೆಗಾಲದಲ್ಲಿ ಅಷ್ಟು ಬೇಡ. ಎಲೆ ಒಳಕ್ಕೆ ಸುರುಳಿಯಾದರೆ ಬಾಯಾರಿದೆ ಎಂದರ್ಥ. ಬುಡ ಕಪ್ಪಾಗಿ ಮೆತ್ತಗಾಗಿದ್ದರೆ ಕೊಳೆತಿದೆ, ಉಳಿಸುವುದು ಕಷ್ಟ. ಮುಚ್ಚಿದ ಗಾಜಿನ ಭರಣಿ ನೋಡಲು ಚಂದ, ಗಿಡಕ್ಕೆ ಮಾತ್ರ ಸೆರೆಮನೆ. ಪೂರ್ವದ ಕಿಟಕಿಯ ಎಳೆಬಿಸಿಲು ಸಾಕು.

ತಾಮ್ರದ ಚೊಂಬಿನ ನೀರು ನಮಗೆ ಹಿತವೆನಿಸಬಹುದು. ಈ ಗಿಡಕ್ಕೆ ತಾಮ್ರ ವಿಷ. ತಾಮ್ರದ ಪಾತ್ರೆಯಲ್ಲಿ ನೆನೆಸಬೇಡಿ, ತಾಮ್ರದ ತಂತಿಯಿಂದ ಕಟ್ಟಬೇಡಿ. ಹತ್ತಿಯ ದಾರದಿಂದ ಮರದ ತುಂಡಿಗೆ ಕಟ್ಟಿದರೆ ಆಯಿತು.

ಕೊಳ್ಳುವಾಗ, ನರ್ಸರಿಯಲ್ಲಿ ಬೆಳೆಸಿದ್ದೇ ಎಂದು ವಿಚಾರಿಸಿ. ಗ್ವಾಟೆಮಾಲದ ಕಡೆಯ ಝೆರೋಗ್ರಾಫಿಕ ಎಂಬ ಜಾತಿಯನ್ನು ಕಾಡಿನಿಂದ ವಿಪರೀತ ಕಿತ್ತದ್ದರಿಂದ ಅದರ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ತರಬೇಕಾಯಿತು. ಪ್ರವಾಸ ಹೋದಾಗ ಕೊಂಬೆಯ ಮೇಲಿನ ಸೀತಾಳೆಯನ್ನು ಕೀಳಬೇಡಿ. ಅದು ಅಲ್ಲಿಯೇ ಇರಲಿ.

ಟಿಲ್ಯಾಂಡ್ಸಿಯದ ಒಂದು ಗಿಡ ಹೂ ಬಿಡುವುದು ಸಾಮಾನ್ಯವಾಗಿ ಒಂದೇ ಸಲ. ಆಮೇಲೆ ಅದು ಮೆಲ್ಲನೆ ಬಾಡುತ್ತದೆ. ನಿಮ್ಮ ತಪ್ಪೆಂದು ಬೇಸರಪಟ್ಟು ಎಸೆಯಬೇಡಿ, ಬುಡ ನೋಡಿ. ಅಲ್ಲಿ ಮರಿಗಳು ಮೂಡಿರುತ್ತವೆ. ತಾಯಿಯ ಮೂರನೆಯ ಒಂದರಷ್ಟು ಬೆಳೆದ ಮೇಲೆ ಅವನ್ನು ಬಿಡಿಸಿ ಬೇರೆ ಕಟ್ಟಬಹುದು.